ಬೆಳಗಾಗುವಷ್ಟರಲ್ಲಿ ಮಾಯವಾಗುವ ಗಂಧೆಗೆ ಮದ್ದು ಹುಡುಕುವುದು ಹೇಗೆ?

ರಾತ್ರಿ ಎರಡು ಗಂಟೆ. ತೊಡೆ, ಬೆನ್ನು, ಸೊಂಟ ಎಲ್ಲ ಕಡೆ ಕೆಂಪು ಗಂಧೆ. ಕೆರೆದಷ್ಟೂ ಇನ್ನೂ ಕೆರೆಯಬೇಕು ಅನ್ನಿಸುವ ತುರಿಕೆ. ನಿದ್ದೆ ಹಾರಿಹೋಗುತ್ತದೆ. ಮಾರನೇ ದಿನ ಡಾಕ್ಟರ ಮುಂದೆ ಕೂತು ನೋಡಿದರೆ ಚರ್ಮ ನುಣ್ಣಗಿದೆ. "ರಾತ್ರಿ ಇತ್ತು ಡಾಕ್ಟ್ರೇ, ನಿಜವಾಗ್ಲೂ ಇತ್ತು" ಎಂದು ಹೇಳಿಕೊಳ್ಳಬೇಕು. ಎದುರಿಗಿದ್ದವರು ನಂಬಿದರೋ ಇಲ್ಲವೋ ಎಂಬ ಅನುಮಾನ ಬೇರೆ.

ಪಿತ್ತದ ಗಂಧೆ ಅನ್ನಿ, ದದ್ದು ಅನ್ನಿ, ಡಾಕ್ಟರು ಹೇಳುವ ಹಾಗೆ ಅರ್ಟಿಕೇರಿಯಾ ಅನ್ನಿ, ಈ ಕಾಯಿಲೆಯ ಗುಣವೇ ಹೀಗೆ. ಒಂದೊಂದು ಗಂಧೆಯ ಆಯಸ್ಸು ಸಾಮಾನ್ಯವಾಗಿ 24 ಗಂಟೆಗಿಂತ ಕಡಿಮೆ. ಕಲೆಯನ್ನೂ ಉಳಿಸದೆ ಹೋಗಿಬಿಡುತ್ತದೆ. ಅಷ್ಟರಲ್ಲಿ ಇನ್ನೊಂದು ಕಡೆ ಹೊಸದು ಎದ್ದಿರುತ್ತದೆ. ಕೆಲವರಿಗೆ ತುಟಿ, ಕಣ್ಣಿನ ರೆಪ್ಪೆ ಊದಿಕೊಳ್ಳುವುದೂ ಉಂಟು. ಇದೆಲ್ಲ ಬಂದು ಹೋಗುತ್ತಾ 6 ವಾರ ದಾಟಿದರೆ ಅದನ್ನು ದೀರ್ಘಕಾಲದ ಅರ್ಟಿಕೇರಿಯಾ ಎನ್ನುತ್ತಾರೆ. ನೂರು ಜನರಲ್ಲಿ ಸುಮಾರು ಒಬ್ಬರಿಗೆ ಇದು ಇರುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚುಕಡಿಮೆ ಎರಡು ಪಟ್ಟು ಜಾಸ್ತಿ. ಕೆಲವರಿಗೆ ವರ್ಷದೊಳಗೆ ಹೋಗುತ್ತದೆ, ಕೆಲವರಿಗೆ ಐದು ವರ್ಷ, ಹತ್ತು ವರ್ಷ ಎಳೆಯುತ್ತದೆ.

ಬಿಪಿ ಅಳೆಯಲು ಯಂತ್ರವಿದೆ. ಸಕ್ಕರೆ ಕಾಯಿಲೆಗೆ ರಕ್ತಪರೀಕ್ಷೆ ಇದೆ. ಡಾಕ್ಟರ ಕಣ್ಣಿಗೇ ಬೀಳದ ಕಾಯಿಲೆಗೆ ಹೊಸ ಮದ್ದು ಕೆಲಸ ಮಾಡಿತು ಎಂದು ತೋರಿಸುವುದು ಹೇಗೆ? ಕಳೆದ ಹತ್ತು ಹದಿನೈದು ವರ್ಷಗಳಲ್ಲಿ ಈ ಕಾಯಿಲೆಗೆ ಬಂದ ಪ್ರತಿ ಹೊಸ ಔಷಧದ ಹಿಂದೆ ಈ ಪ್ರಶ್ನೆ ಇದೆ. ಅದಕ್ಕೆ ಸಿಕ್ಕ ಉತ್ತರ ತುಂಬ ಸರಳ: ರೋಗಿಯೇ ಎಣಿಸಿ ಬರೆಯಬೇಕು.

ಆ ಲೆಕ್ಕಕ್ಕೆ ಬರುವ ಮೊದಲು, ಚರ್ಮದೊಳಗೆ ನಡೆಯುವುದೇನು ಅಂತ ನೋಡೋಣ.

ನಮ್ಮ ಚರ್ಮದಲ್ಲಿ ಮಾಸ್ಟ್ ಕೋಶ ಎಂಬ ಕಾವಲು ಕೋಶಗಳಿವೆ. 1878ರಲ್ಲಿ ಪೌಲ್ ಎರ್ಲಿಕ್ ಎಂಬ ಜರ್ಮನ್ ವಿಜ್ಞಾನಿ ತಮ್ಮ ಪ್ರಬಂಧದಲ್ಲಿ ಇವಕ್ಕೆ ಈ ಹೆಸರು ಕೊಟ್ಟರು. ಇವುಗಳ ಹೊಟ್ಟೆ ತುಂಬ ಸಣ್ಣ ಸಣ್ಣ ಕಣಗಳು, ಆ ಕಣಗಳಲ್ಲಿ ಹಿಸ್ಟಮಿನ್. ಕೋಶ ಕೆರಳಿದಾಗ ಹಿಸ್ಟಮಿನ್ ಹೊರಗೆ ಚೆಲ್ಲುತ್ತದೆ. ಸುತ್ತಲಿನ ಸಣ್ಣ ರಕ್ತನಾಳಗಳು ಹಿಗ್ಗಿ ನೀರು ಜಿನುಗಿಸುತ್ತವೆ, ಚರ್ಮ ಊದಿಕೊಳ್ಳುತ್ತದೆ. ನರಗಳಿಗೆ ತಾಗಿದರೆ ತುರಿಕೆ.

ಹಾಗಾದರೆ ಈ ಕೋಶ ಸುಮ್ನೆ ಯಾಕೆ ಕೆರಳುತ್ತದೆ? "ಏನೋ ತಿಂದಿರಬೇಕು" ಎಂಬ ಮಾತನ್ನು ಈ ಕಾಯಿಲೆಯವರು ಕೇಳಿ ಕೇಳಿ ಸುಸ್ತಾಗಿರುತ್ತಾರೆ. ಒಂದೊಂದಾಗಿ ಎಲ್ಲ ಆಹಾರ ಬಿಟ್ಟು ನೋಡಿರುತ್ತಾರೆ. ಆದರೆ ತಿಂಗಳುಗಟ್ಟಲೆ ದಿನಾ ಬರುವ ಗಂಧೆಗೆ ಊಟ ಕಾರಣವಾಗಿರುವುದು ಅಪರೂಪ. ಬಹಳಷ್ಟು ಸಲ ದೇಹದ ರೋಗನಿರೋಧಕ ವ್ಯವಸ್ಥೆಯೇ ದಾರಿ ತಪ್ಪಿರುತ್ತದೆ. ಕೆಲವರಲ್ಲಿ ಐಜಿಇ ಎಂಬ ಪ್ರತಿಕಾಯ (ಹೊರಗಿನ ವಸ್ತುವನ್ನು ಹಿಡಿಯಲು ದೇಹ ತಯಾರಿಸುವ ಪ್ರೋಟೀನು) ಹೊರಗಿನ ವಸ್ತುವಿನ ಬದಲು ದೇಹದ ಸ್ವಂತ ಪ್ರೋಟೀನನ್ನೇ ಹಿಡಿದು ಮಾಸ್ಟ್ ಕೋಶವನ್ನು ಕೆರಳಿಸುತ್ತದೆ. ಇನ್ನು ಕೆಲವರಲ್ಲಿ ಐಜಿಜಿ ಎಂಬ ಬೇರೆ ಬಗೆಯ ಪ್ರತಿಕಾಯ ನೇರವಾಗಿ ಮಾಸ್ಟ್ ಕೋಶದ ಮೇಲೆ ಐಜಿಇ ಬಂದು ಕೂರುವ ಗ್ರಾಹಕಕ್ಕೇ ಅಂಟಿಕೊಂಡು ಅದನ್ನು ಗುಂಡಿಯಂತೆ ಒತ್ತಿಬಿಡುತ್ತದೆ. ಈ ಎರಡನೆಯದು 1993ರಲ್ಲಿ ಸ್ಪಷ್ಟವಾಗಿ ಗೊತ್ತಾಯಿತು. ತಪ್ಪು ರೋಗಿಯ ಊಟದ್ದಲ್ಲ, ಮನಸ್ಸಿನದ್ದೂ ಅಲ್ಲ. ಇದನ್ನು ಒತ್ತಿ ಹೇಳಲೇಬೇಕು, ಯಾಕೆಂದರೆ ಎಷ್ಟೋ ಜನ ತಮ್ಮನ್ನೇ ದೂರಿಕೊಳ್ಳುತ್ತಾ ವರ್ಷಗಳನ್ನು ಕಳೆಯುತ್ತಾರೆ.

ಹಾಲು ಉಕ್ಕುವುದನ್ನು ನೆನಪಿಸಿಕೊಳ್ಳಿ. ಉಕ್ಕಿ ಚೆಲ್ಲಿದ್ದನ್ನು ಬಟ್ಟೆ ಹಿಡಿದು ಒರೆಸುತ್ತಾ ಇರಬಹುದು. ಒಲೆಯ ಉರಿ ಸಣ್ಣ ಮಾಡಬಹುದು. ಅಥವಾ ಪಾತ್ರೆಯನ್ನೇ ಇಳಿಸಿಬಿಡಬಹುದು. ಗಂಧೆಯ ಔಷಧಗಳ ಇತಿಹಾಸ ಹೆಚ್ಚುಕಡಿಮೆ ಇದೇ ಕ್ರಮದಲ್ಲಿ ಸಾಗಿದೆ.

ಒರೆಸುವ ಕೆಲಸ ಆ್ಯಂಟಿಹಿಸ್ಟಮಿನ್ ಮಾತ್ರೆಗಳದು. ನಾವೆಲ್ಲ ಅಲರ್ಜಿ ಮಾತ್ರೆ ಅನ್ನುತ್ತೇವಲ್ಲ, ಅವೇ. ಚೆಲ್ಲಿದ ಹಿಸ್ಟಮಿನ್ ರಕ್ತನಾಳಕ್ಕೂ ನರಕ್ಕೂ ತಾಗದಂತೆ ತಡೆಯುತ್ತವೆ. ಹಿಸ್ಟಮಿನ್ ಚೆಲ್ಲುವುದನ್ನು ನಿಲ್ಲಿಸುವುದಿಲ್ಲ. ಇಂದಿಗೂ ಚಿಕಿತ್ಸೆ ಶುರುವಾಗುವುದು ಇವುಗಳಿಂದಲೇ, ಅದರಲ್ಲೂ ನಿದ್ದೆ ಜಾಸ್ತಿ ತರಿಸದ ಹೊಸ ಪೀಳಿಗೆಯ ಮಾತ್ರೆಗಳಿಂದ. ಒಂದು ಮಾತ್ರೆ ಸಾಲದಿದ್ದರೆ ಡಾಕ್ಟರು ದಿನದ ಡೋಸನ್ನು ನಾಲ್ಕು ಪಟ್ಟಿನವರೆಗೂ ಏರಿಸಬಹುದು ಎಂದು ಅಂತಾರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಅದು ಡಾಕ್ಟರು ನೋಡಿ ಮಾಡುವ ಕೆಲಸ, ನಾವೇ ಮಾಡಿಕೊಳ್ಳುವುದಲ್ಲ. ಅಷ್ಟಾದರೂ ಗಂಧೆ ನಿಲ್ಲದವರು ಬಹಳ ಜನ ಇದ್ದಾರೆ. ಹೊಸ ಸಂಶೋಧನೆಯೆಲ್ಲ ಅವರಿಗಾಗಿ.

ರೋಗಿಯ ನೋಟ್‌ಬುಕ್

ಈಗ ಲೆಕ್ಕಕ್ಕೆ ಬರೋಣ. ಟ್ರಯಲ್‌ಗೆ, ಅಂದರೆ ಹೊಸ ಮದ್ದನ್ನು ರೋಗಿಗಳಿಗೆ ಕೊಟ್ಟು ಪರೀಕ್ಷಿಸುವ ಪ್ರಯೋಗಕ್ಕೆ, ಸೇರಿದವರು ದಿನಾ ಎರಡು ಅಂಕ ಬರೆಯುತ್ತಾರೆ. ಒಂದು, ಕಳೆದ 24 ಗಂಟೆಯಲ್ಲಿ ಎಷ್ಟು ಗಂಧೆ ಎದ್ದವು. ಒಂದೂ ಇಲ್ಲದಿದ್ದರೆ 0, 20ಕ್ಕಿಂತ ಕಡಿಮೆ ಇದ್ದರೆ 1, 20ರಿಂದ 50 ಆದರೆ 2, ಅದಕ್ಕೂ ಮೀರಿದರೆ 3. ಇನ್ನೊಂದು, ತುರಿಕೆ ಎಷ್ಟಿತ್ತು. ಅದಕ್ಕೂ 0ಯಿಂದ 3. ಎರಡನ್ನೂ ಕೂಡಿಸಿ, ಏಳು ದಿನದ್ದನ್ನು ಒಟ್ಟು ಮಾಡಿದರೆ ಅದೇ ಯುಎಎಸ್-7 ಎಂಬ ಅಂಕ. ಅತಿ ಕೆಟ್ಟ ವಾರಕ್ಕೆ 42. ಗಂಧೆಯೂ ಇಲ್ಲ, ತುರಿಕೆಯೂ ಇಲ್ಲದ ವಾರಕ್ಕೆ 0.

ನನಗೆ ಈ ಅಂಕದ ಮೇಲೆ ತುಂಬ ಗೌರವ. ಕಾಯಿಲೆಯ ಅಳತೆಯನ್ನು ರೋಗಿಯ ಕೈಗೇ ಕೊಟ್ಟಿದೆ. "ರಾತ್ರಿ ಇತ್ತು" ಎಂಬ ಮಾತನ್ನು ನಂಬಬೇಕೋ ಬೇಡವೋ ಎಂಬ ಪ್ರಶ್ನೆಯೇ ಇಲ್ಲಿಲ್ಲ. ಅದೇ ಮಾತು ಇಲ್ಲಿ ಪುರಾವೆ.

ಆದರೆ ಒಂದು ತೊಂದರೆ ಇದೆ. ಹೊಸ ಔಷಧ ಸಿಕ್ಕಿದೆ ಎಂಬ ಆಸೆಯಲ್ಲಿ ತುರಿಕೆ ಸ್ವಲ್ಪ ಕಡಿಮೆ ಅನ್ನಿಸಬಹುದು, ಅಲ್ವಾ? ಜೊತೆಗೆ ಈ ಕಾಯಿಲೆ ತಾನಾಗಿಯೇ ಏರುತ್ತದೆ, ಇಳಿಯುತ್ತದೆ. ಜನ ಟ್ರಯಲ್‌ಗೆ ಸೇರುವುದು ತೀರಾ ಕೆಟ್ಟ ದಿನಗಳಲ್ಲಿ. ಸೇರಿಸಿಕೊಳ್ಳುವ ನಿಯಮವೂ ಹಾಗೇ ಇದೆ: ಸಾಮಾನ್ಯವಾಗಿ ಯುಎಎಸ್-7 ಅಂಕ ಕನಿಷ್ಠ 16 ಇರಲೇಬೇಕು. ತುತ್ತತುದಿಯಲ್ಲಿದ್ದದ್ದು ಕೆಲವು ವಾರಗಳಲ್ಲಿ ತಾನಾಗಿ ಇಳಿದರೂ ಹೆಸರು ಔಷಧಕ್ಕೆ ಹೋಗಿಬಿಡುತ್ತದೆ.

ಅದಕ್ಕೇ ಪ್ಲಸೀಬೊ ಬೇಕು. ನೋಡಲು ಔಷಧದ ಹಾಗೆಯೇ ಇರುವ, ಆದರೆ ಔಷಧವಿಲ್ಲದ ಮಾತ್ರೆ ಅಥವಾ ಇಂಜೆಕ್ಷನ್. ಯಾರಿಗೆ ಯಾವುದು ಎಂದು ಚೀಟಿ ಎತ್ತಿದಂತೆ ಕಂಪ್ಯೂಟರ್ ನಿರ್ಧರಿಸುತ್ತದೆ. ರೋಗಿಗೂ ಗೊತ್ತಿರುವುದಿಲ್ಲ, ನೋಡಿಕೊಳ್ಳುವ ಡಾಕ್ಟರಿಗೂ ಗೊತ್ತಿರುವುದಿಲ್ಲ.

ಇದು ಎಷ್ಟು ಮುಖ್ಯ ಎಂದು ತಿಳಿಯಲು ಒಂದೇ ಉದಾಹರಣೆ ಸಾಕು. ರೆಮಿಬ್ರುಟಿನಿಬ್ ಎಂಬ ಹೊಸ ಮಾತ್ರೆಯ ಎರಡು ದೊಡ್ಡ ಟ್ರಯಲ್‌ಗಳ ಫಲಿತಾಂಶ 2025ರಲ್ಲಿ ಪ್ರಕಟವಾಯಿತು. ರೀಮಿಕ್ಸ್-1 ಮತ್ತು ರೀಮಿಕ್ಸ್-2 ಅವುಗಳ ಹೆಸರು. ಎರಡೂ ಸೇರಿ 925 ಜನ. ಶುರುವಿನಲ್ಲಿ ಸರಾಸರಿ ಅಂಕ ಸುಮಾರು 30. ಮೊದಲನೇ ಟ್ರಯಲ್‌ನಲ್ಲಿ 12 ವಾರಗಳಾದ ಮೇಲೆ ಔಷಧ ತೆಗೆದುಕೊಂಡವರ ಅಂಕ 20.0ರಷ್ಟು ಇಳಿದಿತ್ತು. ಪ್ಲಸೀಬೊ ತೆಗೆದುಕೊಂಡವರದು? 13.8ರಷ್ಟು ಇಳಿದಿತ್ತು!

ಇಲ್ಲಿ ಸ್ವಲ್ಪ ನಿಲ್ಲೋಣ. ಪ್ಲಸೀಬೊ ಗುಂಪು ಇಲ್ಲದಿದ್ದರೆ 20 ಅಂಕವೂ ಮಾತ್ರೆಯ ಖಾತೆಗೆ ಹೋಗುತ್ತಿತ್ತು. ನಿಜವಾಗಿ ಮಾತ್ರೆಯಿಂದ ಆದದ್ದು ನಡುವಿನ 6 ಅಂಕ. ಹಾಗಂತ ಅದು ಚಿಕ್ಕದು ಎಂದುಕೊಳ್ಳುವುದೂ ತಪ್ಪಾಗುತ್ತದೆ. ಸರಾಸರಿಯೊಳಗೆ ಒಬ್ಬೊಬ್ಬರ ಕಥೆ ಮುಚ್ಚಿಹೋಗಿರುತ್ತದೆ. ಅದೇ ಟ್ರಯಲ್‌ನಲ್ಲಿ ಅಂಕ ಪೂರ್ತಿ 0 ಆದವರು ಎಷ್ಟು ಎಂದು ಕೇಳಿದರೆ, ಔಷಧದ ಗುಂಪಿನಲ್ಲಿ ನೂರಕ್ಕೆ 31 ಜನ, ಪ್ಲಸೀಬೊ ಗುಂಪಿನಲ್ಲಿ 10 ಅಥವಾ 11. ಅಂದರೆ ನೂರು ಜನಕ್ಕೆ ಈ ಮಾತ್ರೆ ಕೊಟ್ಟರೆ ಅದರಿಂದಲೇ ಪೂರ್ತಿ ಬಿಡುಗಡೆ ಸಿಗುವುದು ಸುಮಾರು 20 ಜನರಿಗೆ. ವರ್ಷಗಟ್ಟಲೆ ನಿದ್ದೆಗೆಟ್ಟ ಆ 20 ಜನರಿಗೆ ಇದು ಹೊಸ ಬದುಕು. ಉಳಿದವರಲ್ಲಿ ಹಲವರಿಗೆ ಸ್ವಲ್ಪ ಆರಾಮ, ಕೆಲವರಿಗೆ ಏನೂ ಇಲ್ಲ. ಹೊಸ ಔಷಧದ ಸುದ್ದಿ ಓದುವಾಗ ಈ ಎರಡು ಪ್ರಶ್ನೆ ಕೇಳಿಕೊಳ್ಳಿ: ಪ್ಲಸೀಬೊ ಗುಂಪಿಗೆ ಏನಾಯಿತು? ಪೂರ್ತಿ ಸೊನ್ನೆಗೆ ಬಂದವರು ಎಷ್ಟು?

ಪ್ಲಸೀಬೊ ಸಿಕ್ಕವರನ್ನು ನರಳಲು ಬಿಡುತ್ತಾರಾ ಎಂಬ ಆತಂಕ ಸಹಜ. ಈ ಟ್ರಯಲ್‌ಗಳಲ್ಲಿ ಎಲ್ಲರೂ ತಮ್ಮ ಮಾಮೂಲಿ ಅಲರ್ಜಿ ಮಾತ್ರೆಯನ್ನು ಮುಂದುವರಿಸಿದ್ದರು. ತಡೆಯಲಾಗದಿದ್ದರೆ ಇನ್ನೊಂದು ಮಾತ್ರೆ ನುಂಗುವ ಅವಕಾಶವೂ ಇತ್ತು. 24 ವಾರ ಕಳೆದ ಮೇಲೆ ಪ್ಲಸೀಬೊದವರಿಗೂ ನಿಜವಾದ ಔಷಧ ಕೊಟ್ಟರು.

ಉರಿ ಸಣ್ಣ ಮಾಡುವ ಮದ್ದುಗಳು

ಮೊದಲ ದೊಡ್ಡ ತಿರುವು ಬಂದದ್ದು ಓಮಲಿಜುಮ್ಯಾಬ್‌ನಿಂದ. ಐಜಿಇ ಪ್ರತಿಕಾಯವನ್ನು 1966ರಲ್ಲಿ ಇಶಿಜಾಕಾ ದಂಪತಿ ಕಂಡುಹಿಡಿದಿದ್ದರು. ಆ ಐಜಿಇಯನ್ನೇ ರಕ್ತದಲ್ಲಿ ಹಿಡಿದಿಟ್ಟು ಮಾಸ್ಟ್ ಕೋಶಕ್ಕೆ ಅಂಟದಂತೆ ಮಾಡುವ ಇಂಜೆಕ್ಷನ್ ಇದು. 2003ರಲ್ಲಿ ಅಮೆರಿಕದಲ್ಲಿ ಆಸ್ತಮಾಗೆ ಒಪ್ಪಿಗೆ ಪಡೆದಿತ್ತು. ಗಂಧೆಗೆ ಕೊಟ್ಟು ನೋಡಿದ ಆಸ್ಟೀರಿಯಾ-2 ಎಂಬ ಟ್ರಯಲ್ 2013ರಲ್ಲಿ ಪ್ರಕಟವಾಯಿತು. 323 ಜನ. ನಾಲ್ಕು ವಾರಕ್ಕೊಮ್ಮೆ 300 ಮಿಲಿಗ್ರಾಂ ಪಡೆದವರಲ್ಲಿ ನೂರಕ್ಕೆ 44 ಜನರ ಅಂಕ 12ನೇ ವಾರಕ್ಕೆ ಸೊನ್ನೆ. ಪ್ಲಸೀಬೊದಲ್ಲಿ ನೂರಕ್ಕೆ 5. ಮರುವರ್ಷವೇ ಗಂಧೆಗೂ ಒಪ್ಪಿಗೆ ಸಿಕ್ಕಿತು. ಅಲರ್ಜಿ ಮಾತ್ರೆಗೆ ಬಗ್ಗದ ಗಂಧೆಗೆ ಇವತ್ತಿಗೂ ಮುಂದಿನ ಮುಖ್ಯ ಮೆಟ್ಟಿಲು ಇದು. ಇದಕ್ಕೆ ಸಮಾನವಾದ ಬಯೋಸಿಮಿಲರ್ ಔಷಧಕ್ಕೂ ಯುರೋಪಿನಲ್ಲಿ 2024ರಲ್ಲಿ, ಅಮೆರಿಕದಲ್ಲಿ 2025ರಲ್ಲಿ ಒಪ್ಪಿಗೆ ಸಿಕ್ಕಿದೆ.

ಇದರ ಮುಂದಿನ ಅಧ್ಯಾಯ ನನಗೆ ಇನ್ನೂ ಮುಖ್ಯ ಅನ್ನಿಸುತ್ತದೆ, ಅದು ಸೋಲಿನ ಅಧ್ಯಾಯವಾದರೂ. ಐಜಿಇ ಹಿಡಿಯುವುದರಿಂದ ಇಷ್ಟು ಲಾಭವಾದರೆ, ಇನ್ನೂ ಬಿಗಿಯಾಗಿ ಹಿಡಿದರೆ? ಲಿಗೆಲಿಜುಮ್ಯಾಬ್ ಹುಟ್ಟಿದ್ದು ಆ ಯೋಚನೆಯಿಂದ. ಲ್ಯಾಬಿನಲ್ಲಿ ಅದು ಐಜಿಇಯನ್ನು ಓಮಲಿಜುಮ್ಯಾಬ್‌ಗಿಂತ ಎಷ್ಟೋ ಪಟ್ಟು ಗಟ್ಟಿಯಾಗಿ ಹಿಡಿಯುತ್ತಿತ್ತು. ಯಾವ ಡೋಸ್ ಸರಿ ಎಂದು ಹುಡುಕುವ ಎರಡನೇ ಹಂತದ ಟ್ರಯಲ್ 2019ರಲ್ಲಿ ಹೊರಬಂತು. 72 ಮಿಲಿಗ್ರಾಂ ಡೋಸ್ ಪಡೆದವರಲ್ಲಿ ನೂರಕ್ಕೆ 51 ಜನರಿಗೆ ಗಂಧೆ ಪೂರ್ತಿ ನಿಂತಿತ್ತು. ಓಮಲಿಜುಮ್ಯಾಬ್ ಪಡೆದವರಲ್ಲಿ 26. ಎಲ್ಲರಿಗೂ ಭಾರಿ ಭರವಸೆ. ಆಮೇಲೆ ಎರಡು ಸಾವಿರಕ್ಕೂ ಹೆಚ್ಚು ಜನರನ್ನು ಸೇರಿಸಿ ಮೂರನೇ ಹಂತದ ಪರ್ಲ್-1, ಪರ್ಲ್-2 ನಡೆಸಿದರು. ಲಿಗೆಲಿಜುಮ್ಯಾಬ್ ಪ್ಲಸೀಬೊವನ್ನು ಸೋಲಿಸಿತು. ಓಮಲಿಜುಮ್ಯಾಬ್ ಅನ್ನು ಮೀರಿಸಲಿಲ್ಲ.

ಎರಡನೇ ಹಂತದಲ್ಲಿ ಸುಳ್ಳು ಹೇಳಿದ್ದರಾ? ಖಂಡಿತ ಇಲ್ಲ. ಒಂದೊಂದು ಗುಂಪಿನಲ್ಲಿ ಜನ ಕಡಿಮೆ ಇದ್ದಾಗ ನಾಲ್ಕಾರು ಜನರ ಅದೃಷ್ಟವೇ ಅಂಕಿಯನ್ನು ಮೇಲಕ್ಕೋ ಕೆಳಕ್ಕೋ ಎಳೆಯುತ್ತದೆ. ಓಮಲಿಜುಮ್ಯಾಬ್‌ನ ಅಂಕಿಯನ್ನೇ ನೋಡಿ: ಹಿಂದೆ 44, ಇಲ್ಲಿ 26. ಔಷಧ ಅದೇ, ಜನ ಬೇರೆ. ಮೂರನೇ ಹಂತ ಇರುವುದೇ ಇದನ್ನು ಸೋಸುವುದಕ್ಕೆ. ಗೆದ್ದ ಆಸ್ಟೀರಿಯಾ-2, ಆಸೆ ಹುಟ್ಟಿಸಿದ ಎರಡನೇ ಹಂತ, ಆಸೆ ಮುರಿದ ಪರ್ಲ್, ಮೂರರ ವರದಿಯಲ್ಲೂ ಮೊದಲ ಹೆಸರು ಬರ್ಲಿನ್ನಿನ ವೈದ್ಯ ಮಾರ್ಕಸ್ ಮೌರರ್ ಅವರದು. ಗಂಧೆಯನ್ನು ಗಂಭೀರ ಕಾಯಿಲೆಯಾಗಿ ಜಗತ್ತು ನೋಡುವಂತೆ ಮಾಡಿದವರಲ್ಲಿ ಅವರು ಪ್ರಮುಖರು. 2024ರಲ್ಲಿ ತೀರಿಕೊಂಡರು. ಗೆಲುವನ್ನು ಬರೆದ ಕೈಯೇ ಸೋಲನ್ನೂ ಅಷ್ಟೇ ವಿವರವಾಗಿ ಬರೆಯಿತು.

ಡುಪಿಲುಮ್ಯಾಬ್‌ನ ದಾರಿಯೂ ನೇರವಾಗಿರಲಿಲ್ಲ. ಇದು ಐಜಿಇ ಬಿಟ್ಟು, ಇಂಟರ್‌ಲ್ಯೂಕಿನ್-4 ಮತ್ತು 13 ಎಂಬ ಸಂದೇಶಗಳನ್ನು ತಡೆಯುತ್ತದೆ. ಓಮಲಿಜುಮ್ಯಾಬ್ ಪಡೆಯದವರ ಮೇಲೆ ನಡೆದ ಟ್ರಯಲ್ ಗೆದ್ದಿತು. ಓಮಲಿಜುಮ್ಯಾಬ್ ಫಲಿಸದವರ ಮೇಲೆ ನಡೆದದ್ದನ್ನು ಪ್ರಯೋಜನ ಕಾಣದೆ 2022ರಲ್ಲಿ ನಿಲ್ಲಿಸಿದರು. 2023ರಲ್ಲಿ ಅಮೆರಿಕದ ಔಷಧ ನಿಯಂತ್ರಕರು "ಇನ್ನೂ ಪುರಾವೆ ಬೇಕು" ಎಂದು ವಾಪಸ್ ಕಳಿಸಿದರು. ಮತ್ತೊಂದು ಟ್ರಯಲ್ ಮಾಡಿ ತೋರಿಸಿದ ಮೇಲೆ 2025ರ ಏಪ್ರಿಲ್‌ನಲ್ಲಿ ಒಪ್ಪಿಗೆ ಸಿಕ್ಕಿತು. ಟೆಜೆಪೆಲುಮ್ಯಾಬ್, ಲಿರೆಂಟೆಲಿಮ್ಯಾಬ್ ಎಂಬ ಇನ್ನೆರಡು ಇಂಜೆಕ್ಷನ್‌ಗಳು ಎರಡನೇ ಹಂತದಲ್ಲೇ ಗುರಿ ಮುಟ್ಟಲಿಲ್ಲ.

ಆಗಲೇ ಹೇಳಿದ ರೆಮಿಬ್ರುಟಿನಿಬ್ ಕೆಲಸ ಮಾಡುವುದು ಕೋಶದ ಒಳಗೆ. ಹೊರಗಿನಿಂದ ಯಾರು ಗುಂಡಿ ಒತ್ತಿದರೂ, ಐಜಿಇ ಆಗಲಿ ಐಜಿಜಿ ಆಗಲಿ, ಒಳಗೆ ಸುದ್ದಿ ಹೋಗುವುದು ಬಿಟಿಕೆ ಎಂಬ ಕಿಣ್ವದ ಮೂಲಕ. ಆ ತಂತಿಯನ್ನೇ ಕತ್ತರಿಸುವ ಯೋಚನೆ ಇದು. ಇಂಜೆಕ್ಷನ್ ಅಲ್ಲ, ದಿನಕ್ಕೆ ಎರಡು ಸಲ ನುಂಗುವ ಮಾತ್ರೆ. ಇದಕ್ಕೂ ಮೊದಲು ಫೆನೆಬ್ರುಟಿನಿಬ್ ಎಂಬ ಇದೇ ಜಾತಿಯ ಮಾತ್ರೆಯನ್ನು ಗಂಧೆಗೆ ಕೊಟ್ಟು ನೋಡಿದಾಗ ಕೆಲವರ ಲಿವರ್ ಪರೀಕ್ಷೆಯ ಅಂಕಿಗಳು ಏರಿದ್ದವು. ರೆಮಿಬ್ರುಟಿನಿಬ್‌ನಲ್ಲಿ ಚರ್ಮದ ಕೆಳಗೆ ಸಣ್ಣ ರಕ್ತದ ಚುಕ್ಕೆಗಳು ಕಾಣಿಸಿಕೊಂಡದ್ದು ನೂರಕ್ಕೆ ಸುಮಾರು ನಾಲ್ಕು ಜನರಲ್ಲಿ. 2025ರ ಸೆಪ್ಟೆಂಬರ್ 30ರಂದು ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು.

ಪಾತ್ರೆಯನ್ನೇ ಇಳಿಸಿದರೆ

ಮಾಸ್ಟ್ ಕೋಶ ಬದುಕಿರಬೇಕಾದರೆ ಅದರ ಮೈಮೇಲಿನ ಕಿಟ್ ಎಂಬ ಗ್ರಾಹಕಕ್ಕೆ ಸದಾ ಒಂದು ಸಂದೇಶ ಸಿಗುತ್ತಿರಬೇಕು. ಸಿಗದಿದ್ದರೆ ಕೋಶವೇ ಸಾಯುತ್ತದೆ. ಬಾರ್ಜೋಲ್ವೊಲಿಮ್ಯಾಬ್ ಎಂಬ ಇಂಜೆಕ್ಷನ್ ಆ ಸಂದೇಶವನ್ನು ತಡೆಯುತ್ತದೆ. ಕೆರಳುವ ಕೋಶವೇ ಇಲ್ಲ ಅಂದಮೇಲೆ ಕೆರಳಿಸುವವರು ಯಾರಾದರೇನು? ಎರಡನೇ ಹಂತದಲ್ಲಿ ನಾಲ್ಕು ವಾರಕ್ಕೊಮ್ಮೆ 150 ಮಿಲಿಗ್ರಾಂ ಪಡೆದವರಲ್ಲಿ 12ನೇ ವಾರಕ್ಕೆ ನೂರಕ್ಕೆ 51 ಜನ, 52ನೇ ವಾರಕ್ಕೆ 71 ಜನ ಸೊನ್ನೆ ತಲುಪಿದ್ದರು. ಆದರೆ 16ನೇ ವಾರದ ನಂತರ ಪ್ಲಸೀಬೊದವರಿಗೂ ಔಷಧ ಕೊಟ್ಟಿದ್ದರು. ಹಾಗಾಗಿ 71ರ ಪಕ್ಕದಲ್ಲಿ ಇಟ್ಟು ಹೋಲಿಸಲು ಏನೂ ಇಲ್ಲ. ಲಿಗೆಲಿಜುಮ್ಯಾಬ್‌ನ 51 ಏನಾಯಿತು ಎಂದು ಈಗಷ್ಟೇ ನೋಡಿದೆವಲ್ಲ.

ಕಿಟ್ ಗ್ರಾಹಕ ಇರುವುದು ಮಾಸ್ಟ್ ಕೋಶದ ಮೇಲೆ ಮಾತ್ರ ಅಲ್ಲ. ಕೂದಲಿಗೆ, ಚರ್ಮಕ್ಕೆ ಬಣ್ಣ ಕೊಡುವ ಕೋಶಗಳಿಗೂ ಅದು ಬೇಕು. ಹಾಗಾಗಿ ಕೆಲವರ ಕೂದಲು ಬಿಳಿಯಾಯಿತು, ಚರ್ಮದ ಬಣ್ಣ ಅಲ್ಲಲ್ಲಿ ತಿಳಿಯಾಯಿತು. ಕೆಲವರಲ್ಲಿ ಬಿಳಿ ರಕ್ತಕಣಗಳು ಕಡಿಮೆಯಾದವು. ಮಾಸ್ಟ್ ಕೋಶ ಇಲ್ಲದೆ ವರ್ಷಗಟ್ಟಲೆ ಇದ್ದರೆ ದೇಹಕ್ಕೆ ಏನಾಗುತ್ತದೆ ಎಂಬುದನ್ನು ಕಾದು ನೋಡಿಯೇ ತಿಳಿಯಬೇಕು. ಮೂರನೇ ಹಂತದ ಟ್ರಯಲ್‌ಗಳು 2024ರಲ್ಲಿ ಶುರುವಾದವು.

ಇದೇ ಔಷಧವನ್ನು ಇನ್ನೊಂದು ಬಗೆಯ ಗಂಧೆಗೂ ಕೊಟ್ಟು ನೋಡಿದ್ದಾರೆ. ಚಳಿ ತಾಗಿದರೆ, ಚರ್ಮ ಗೀರಿದರೆ, ಬೆವರಿದರೆ, ಬಿಸಿಲು ಬಿದ್ದರೆ ಮಾತ್ರ ಏಳುವ ಗಂಧೆ ಅದು. ಇಲ್ಲಿ ಅಳತೆಯ ಕಷ್ಟ ಕಡಿಮೆ. ತಣ್ಣಗಿನದನ್ನು ಮುಂಗೈ ಮೇಲೆ ಐದು ನಿಮಿಷ ಇಟ್ಟು, ಎಷ್ಟು ಡಿಗ್ರಿಗೆ ಗಂಧೆ ಏಳುತ್ತದೆ ಎಂದು ಡಾಕ್ಟರೇ ನೋಡಬಹುದು. ಕರೆದರೆ ಬರುವ ಗಂಧೆ! ಆದರೂ ಇವರಿಗಾಗಿ ನಡೆದ ಸಂಶೋಧನೆ ಬಹಳ ಕಡಿಮೆ. ಎಷ್ಟೋ ಕಾಲದಿಂದ ಅಲರ್ಜಿ ಮಾತ್ರೆಯಲ್ಲೇ ಕಾಲ ತಳ್ಳುತ್ತಿದ್ದಾರೆ. ಇದು ನನಗೆ ನಿಜಕ್ಕೂ ಬೇಸರ ತರುವ ವಿಷಯ. ಮಕ್ಕಳ ಮತ್ತು ಗರ್ಭಿಣಿಯರ ಪಾಡೂ ಹಾಗೇ. ಸುರಕ್ಷತೆಯ ಕಾರಣಕ್ಕೆ ಅವರನ್ನು ಮೊದಮೊದಲ ಟ್ರಯಲ್‌ಗಳಿಂದ ಹೊರಗಿಡುತ್ತಾರೆ. ಕಾರಣ ಸರಿಯೇ. ಆದರೆ ಆಮೇಲೆ ಅವರಿಗೆ ಔಷಧ ಬರೆಯುವ ಡಾಕ್ಟರ ಕೈಯಲ್ಲಿ ಪುರಾವೆಯೇ ಇರುವುದಿಲ್ಲ.

ಯಾರಿಗೆ ಯಾವ ಮದ್ದು ಹಿಡಿಯುತ್ತದೆ ಎಂದು ಮೊದಲೇ ಹೇಳಲಾಗುವುದೇ? ಸ್ವಲ್ಪ ಮಟ್ಟಿಗೆ. ರಕ್ತದಲ್ಲಿ ಐಜಿಇ ತೀರಾ ಕಡಿಮೆ ಇದ್ದು, ಥೈರಾಯ್ಡ್ ವಿರುದ್ಧದ ಪ್ರತಿಕಾಯ ಜಾಸ್ತಿ ಇದ್ದರೆ ಐಜಿಜಿ ಬಗೆಯ ಗಂಧೆ ಇರುವ ಸಾಧ್ಯತೆ ಹೆಚ್ಚು. ಅಂಥವರಿಗೆ ಓಮಲಿಜುಮ್ಯಾಬ್ ನಿಧಾನವಾಗಿ ಹತ್ತುತ್ತದೆ, ಕೆಲವರಿಗೆ ಹತ್ತುವುದೇ ಇಲ್ಲ. ಇದು ಸುಳಿವು ಮಾತ್ರ, ಖಚಿತ ಪರೀಕ್ಷೆಯಲ್ಲ.

ಟ್ರಯಲ್‌ಗೆ ಸೇರುವ ಯೋಚನೆ ಇದ್ದವರಿಗೆ ಒಂದೆರಡು ಮಾತು. ಒಪ್ಪಿಗೆ ಪತ್ರವನ್ನು ಮನೆಗೆ ತಂದು ನಿಧಾನವಾಗಿ ಓದಿ. ಪ್ಲಸೀಬೊ ಸಿಗುವ ಸಾಧ್ಯತೆ ಎಷ್ಟು, ಮಧ್ಯದಲ್ಲಿ ತಡೆಯಲಾಗದಿದ್ದರೆ ಯಾವ ಮಾತ್ರೆ ಕೊಡುತ್ತೀರಿ, ಟ್ರಯಲ್ ಮುಗಿದ ಮೇಲೆ ಔಷಧ ಮುಂದುವರಿಯುತ್ತದಾ ಎಂದು ಕೇಳಿ. ಯಾವಾಗ ಬೇಕಾದರೂ ಹೊರಬರುವ ಹಕ್ಕು ನಿಮಗಿದೆ. ಟ್ರಯಲ್‌ನಲ್ಲಿ ಇದ್ದರೂ ಇಲ್ಲದಿದ್ದರೂ, ಗಂಟಲು ಬಿಗಿದಂತಾದರೆ, ಉಸಿರಾಡಲು ಕಷ್ಟವಾದರೆ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ.

ಒಂದು ಪ್ರಶ್ನೆಗೆ ಮಾತ್ರ ಈ ಯಾವ ಟ್ರಯಲ್‌ನಲ್ಲೂ ಪೂರ್ತಿ ಉತ್ತರ ಸಿಕ್ಕಿಲ್ಲ. ಈ ಮದ್ದುಗಳು ಕಾಯಿಲೆಯನ್ನು ಗುಣ ಮಾಡುತ್ತವಾ, ಅಥವಾ ಕಾಯಿಲೆ ತಾನಾಗಿ ಹೋಗುವವರೆಗೆ ಅದುಮಿ ಹಿಡಿಯುತ್ತವಾ? ಆಸ್ಟೀರಿಯಾ-2ರಲ್ಲಿ ಇಂಜೆಕ್ಷನ್ ನಿಲ್ಲಿಸಿದ ಮೇಲೆ 16 ವಾರ ಎಲ್ಲರನ್ನೂ ಗಮನಿಸಿದ್ದರು. ಅಂಕ ಮೆಲ್ಲಗೆ ಏರಿ ಪ್ಲಸೀಬೊದವರ ಮಟ್ಟಕ್ಕೆ ಬಂದು ನಿಂತಿತು. ಅಂದರೆ ಅದು ಅದುಮಿ ಹಿಡಿದಿತ್ತು, ಅಷ್ಟೇ. ಬಾರ್ಜೋಲ್ವೊಲಿಮ್ಯಾಬ್‌ನ ಎರಡನೇ ಹಂತದಲ್ಲಿ ಒಂದು ವರ್ಷದ ಚಿಕಿತ್ಸೆ ನಿಲ್ಲಿಸಿ ಏಳು ತಿಂಗಳಾದ ಮೇಲೂ ಹಲವರು ಔಷಧವಿಲ್ಲದೆ ತಮ್ಮ ಲೆಕ್ಕದಲ್ಲಿ 0 ಎಂದೇ ಬರೆಯುತ್ತಿದ್ದರು.